ಮೊದಲ ಕೊಯ್ಲಿನ ಹೂವಿನ ಪಾಪ

ನಮ್ಮ ವಾರ್ಡಿನ ಗುರ್ಕಾರನ ಮೇಲಿನ ಸಿಟ್ಟು ಇಷ್ಟು ವರ್ಷವಾದರೂ ನನ್ನಲ್ಲಿ ಆರಿಲ್ಲ. ಆರದಂತೆ ನಾನೇ ಆಗಾಗ ಊದುತ್ತಿರುತ್ತೇನೋ ಎಂಬ ಅನುಮಾನವೂ ಇದೆ. ನಮ್ಮ ಇಗರ್ಜಿಯಲ್ಲಿ ಇಪ್ಪತ್ತು ಮೂವತ್ತು ಮನೆಗಳಿಗೆ ಒಬ್ಬ ಮುಖ್ಯಸ್ಥ. ಅವನೇ ಗುರ್ಕಾರ. ಸತ್ತವರ ಮನೆಗೆ ಮೊದಲು ಬರುವವನು, ಮದುವೆಯ ಮನೆಯಲ್ಲಿ ಕೊನೆಗೆ ಉಣ್ಣುವವನು. ಆ ಮನುಷ್ಯ ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಕೆಟ್ಟವನಲ್ಲ. ನಮ್ಮ ಅಪ್ಪನ ಶವದ ಪೆಟ್ಟಿಗೆಗೆ ಹೆಗಲು ಕೊಟ್ಟವನು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಮಣಿಪಾಲದಲ್ಲಿ ಪಾಠ ಹೇಳುತ್ತಿದ್ದೆ. ಮನೆ ಕಾಪುವಿನ ಒಳಭಾಗದಲ್ಲಿ. ಮನೆಯಲ್ಲಿ ಅಮ್ಮ, ನಾನು, ಅಕ್ಕ. ಅಕ್ಕನ ಗಂಡ ಗಲ್ಫಿನಲ್ಲಿದ್ದ. ಅವನ ಕಾಗದ ಬರುವುದು ನಿಂತು ಐದು ತಿಂಗಳಾಗಿತ್ತು. ಬಜಗೋಳಿಯ ಗಂಡನ ಮನೆಯವರ ಮಾತು ಕೇಳಲಾರದೆ ಅವಳು ಅದಕ್ಕೂ ಎಷ್ಟೋ ಮೊದಲೇ ನಮ್ಮಲ್ಲಿಗೆ ಬಂದು ಉಳಿದಿದ್ದಳು. ಬಂದ ವರ್ಷವೇ ಅಂಗಳದ ಪಕ್ಕ ಮಲ್ಲಿಗೆ ನೆಟ್ಟಳು. ಹನ್ನೆರಡು ಗಿಡ ಎಂದು ನನ್ನ ನೆನಪು. ಒಂಬತ್ತು ಎಂದು ಅವಳು ಈಗಲೂ ವಾದಿಸುತ್ತಾಳೆ. ಎಷ್ಟೇ ಇರಲಿ, ಗಂಡನ ಮನೆಯದೂ ಅಲ್ಲದ, ತಾಯಿಯ ಮನೆಯದೂ ಅಲ್ಲದ, ತನ್ನದೇ ಎಂದು ಅವಳಿಗಿದ್ದದ್ದು ಅಷ್ಟೇ. ಬೆಳಗ್ಗೆ ಮೊಗ್ಗು ಬಿಡಿಸಿ ಬಾಳೆನಾರಿನಲ್ಲಿ ಕಟ್ಟುವಾಗ ಅವಳ ಮುಖ ನೋಡಿದವರಿಗೆ ಇದು ಗೊತ್ತು.

ಆ ಮಲ್ಲಿಗೆಯ ಮೊದಲ ಕೊಯ್ಲು ಪಕ್ಕದ ಮನೆಯ ದೈವದ ನೇಮಕ್ಕೆ, ಅಂದರೆ ವರ್ಷಕ್ಕೊಮ್ಮೆ ನಡೆಯುವ ಭೂತದ ಕೋಲಕ್ಕೆ, ಹೋಗುತ್ತಿತ್ತು. ಪಕ್ಕದ ಮನೆಯವರು ತುಳುವರು. ಆ ಮನೆಯ ಹಿರಿಯ ಹೆಂಗಸು ಅಮ್ಮನನ್ನೂ ಅಕ್ಕನನ್ನೂ, ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಕರೆಯುವಂತೆ, ‘ಬಾಯಮ್ಮ’ ಎಂದೇ ಕರೆಯುತ್ತಿದ್ದರು. ಅವರು ಪ್ರತಿ ಜನವರಿಯಲ್ಲಿ ಕಾರ್ಕಳದ ಅತ್ತೂರು ಇಗರ್ಜಿಯ ಹಬ್ಬಕ್ಕೆ ಹೋಗಿ ಸಂತರೆದುರು ಮೇಣದಬತ್ತಿ ಉರಿಸಿ ಬರುತ್ತಿದ್ದರು. ಆ ವರ್ಷ ನೇಮವೂ ಅತ್ತೂರು ಹಬ್ಬವೂ ಒಂದೇ ದಿನ ಬಿತ್ತು. ಅವರು ತಮ್ಮ ಮೇಣದಬತ್ತಿಯನ್ನು ಅಕ್ಕನ ಕೈಯಲ್ಲಿ ಕೊಟ್ಟು ಕಳುಹಿಸಿದರು. ಅಕ್ಕ ಹೊರಡುವಾಗ ನನಗೆ ಹೇಳಿದಳು: “ಹೂ ಕಟ್ಟಿ ಬಾಳೆ ಎಲೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಮಧ್ಯಾಹ್ನದ ಒಳಗೆ ಅವರಿಗೆ ಮುಟ್ಟಿಸು. ಮರೆತು ಪುಸ್ತಕ ಹಿಡ್ಕೊಂಡು ಕೂತರೆ ನೋಡು ಮತ್ತೆ.”

ನಾನು ಮುಟ್ಟಿಸಿದೆ. ಇದು ನನಗೆ ಖಂಡಿತ ನೆನಪಿದೆ. ಚಪ್ಪರದಲ್ಲಿ ಆ ಹೆಂಗಸು ಹೂವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನಾನು ಸುಮ್ಮನೆ ನಿಂತಿದ್ದೆನೋ, ಕೈ ಮುಗಿದೆನೋ, ಅದು ಮಾತ್ರ ಸ್ಪಷ್ಟವಿಲ್ಲ. ಮುಗಿದಿದ್ದರೂ ಭಕ್ತಿಯಿಂದಲ್ಲ, ಎದುರಿನವರಿಗೆ ತೋರುವ ಮರ್ಯಾದೆಯಿಂದ.

ಮುಂದಿನ ತಿಂಗಳು ಗುರ್ಕಾರ ಎಲ್ಲಿಯೋ ರಿಟ್ರೀಟ್ ಎಂಬ ಒಂದು ವಾರದ ಧ್ಯಾನಕೂಟ ಮುಗಿಸಿ ಬಂದ. ಹೋಗುವಾಗ ಬೀಡಿ ಸೇದುತ್ತಿದ್ದವನು ಬರುವಾಗ ಬಿಟ್ಟಿದ್ದ. ಈಸ್ಟರಿಗೆ ಮುಂಚಿನ ಕಪ್ಪು ದಿನಗಳ ಉಪವಾಸ ಶುರುವಾದ ಮೇಲೆ, ಆದಿತ್ಯವಾರ ಸಂಜೆ ನಾಲ್ಕಕ್ಕೆ ಒಂದೊಂದು ಮನೆಯಲ್ಲಿ ಸೇರಿ ತೇರ್ಸ್, ಅಂದರೆ ಜಪಮಾಲೆ, ಹೇಳಿದ ಬಳಿಕ ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಒಂದು ಪಾಪವನ್ನು ಎಲ್ಲರೆದುರು ಹೇಳಬೇಕೆಂದು ಕ್ರಮ ಮಾಡಿದ.

ಪಾದ್ರಿಯ ಬಳಿ ಹೇಳುವ ಪಾಪನಿವೇದನೆ, ನಮ್ಮ ಕುಮ್ಸಾರ್, ನನಗೆ ಎಂದೂ ಇಷ್ಟವಿರಲಿಲ್ಲ. ಆದರೆ ಅಲ್ಲಿ ಒಂದು ಜಾಲರಿ ಇದೆ, ಒಂದು ಪರದೆ ಇದೆ, ಕೇಳಿದ್ದನ್ನು ಪ್ರಾಣ ಹೋದರೂ ಹೊರಗೆ ಹೇಳದ ಒಬ್ಬನ ಕಿವಿ ಇದೆ. ಇಲ್ಲಿ ಚಾಪೆಯ ಮೇಲೆ ಕೂತ ನಲವತ್ತು ಕಿವಿಗಳು, ಅವುಗಳ ಜೊತೆ ಇಪ್ಪತ್ತು ಬಾಯಿಗಳು.

ಮೊದಲ ಎರಡು ವಾರ ತಮಾಷೆಯಾಗಿತ್ತು. ಒಬ್ಬ, ಮಾಂಸ ಮುಟ್ಟಬಾರದ ಶುಕ್ರವಾರ ಕೋಳಿ ಸಾರು ತಿಂದದ್ದನ್ನು ಒಪ್ಪಿಕೊಂಡ. ಒಬ್ಬ ಮುದುಕಿ, ನೆರೆಮನೆಯ ಹೇಂಟೆ ತನ್ನ ಹಟ್ಟಿಯಲ್ಲಿ ಇಟ್ಟ ಮೊಟ್ಟೆಯನ್ನು ಹಿಂದೆ ಕೊಡಲಿಲ್ಲವೆಂದಳು.

“ನನಗೆ ಆಗಲೇ ಸಂಶಯ ಇತ್ತು!” ಎಂದು ಹೇಂಟೆಯ ಒಡತಿ ಚಾಪೆಯಿಂದಲೇ ಕೂಗಿದಳು. “ಒಂದಲ್ಲ, ಎಷ್ಟು ಅಂತ ಹೇಳು ಮಾರಾಯ್ತಿ!”

ಎಲ್ಲರೂ ನಕ್ಕರು. ಗುರ್ಕಾರ ನಗಲಿಲ್ಲ. “ಇದೆಲ್ಲ ಸಣ್ಣ ಮೀನು,” ಎಂದ. “ದೊಡ್ಡದು ಅಡಿಯಲ್ಲಿ ಕೂತಿದೆ.”

ಮೂರನೆಯ ವಾರ ನಮ್ಮ ಮನೆ. ಜಪ ಮುಗಿಯಿತು. ಅಕ್ಕನ ಗಂಡನ ಕಾಗದ ಬರಲೆಂದು ಎಲ್ಲರೂ ಪ್ರಾರ್ಥಿಸಿದರು. ಗುರ್ಕಾರ ಕಣ್ಣು ಮುಚ್ಚಿ, “ಈ ಮನೆಯಲ್ಲಿ ಒಂದು ಅಡ್ಡಿ ಉಂಟು. ಅದಕ್ಕೇ ಕಾಗದ ಬರುವುದಿಲ್ಲ,” ಎಂದ.

ಯಾವ ಅಡ್ಡಿ ಎಂದು ಊರಿಗೆಲ್ಲ ಗೊತ್ತಿತ್ತು. ಹೂವು ಹೋಗುತ್ತಿದ್ದದ್ದು ಕದ್ದುಮುಚ್ಚಿ ಅಲ್ಲ. ಕಣ್ಣು ಮುಚ್ಚಿ ಹುಡುಕುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಅಕ್ಕ ಎದ್ದು ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. “ನೇಮಕ್ಕೆ ನಮ್ಮ ಹೂ ಹೋಗಿದೆ,” ಎಂದಳು.

“ಯಾರು ಕೊಟ್ಟದ್ದು?”

“ನಾನೇ.”

“ಕೈ ಮುಗಿದಿಯಾ?”

ಅವಳು ಹೌದೆಂದು ತಲೆಯಾಡಿಸಿದಳು. ಆ ದಿನ ಅವಳು ಅತ್ತೂರಿನಲ್ಲಿ, ಅದೇ ಪಕ್ಕದ ಮನೆಯವರ ಮೇಣದಬತ್ತಿ ಹಿಡಿದು, ಜನರ ಸಾಲಿನಲ್ಲಿ ನಿಂತಿದ್ದಳು. ಅವರ ಬತ್ತಿ ನಮ್ಮ ಸಂತರಿಗೆ ಬಂದರೆ ಅದು ಭಕ್ತಿ. ನಮ್ಮ ಹೂವು ಅವರ ದೈವಕ್ಕೆ ಹೋದರೆ ಅದು ಪಾಪ. ಇದನ್ನು ಕೇಳಲು ಒಂದು ಬಾಯಿ ಸಾಕಿತ್ತು. ಆ ಬಾಯಿ ನನ್ನದಾಗಬೇಕಿತ್ತು.

“ಗಿಡ ತೆಗೆದುಬಿಡು, ಬಾಯೆ,” ಎಂದ ಗುರ್ಕಾರ, ಬಹಳ ಮೆತ್ತಗೆ. “ಬೇರು ಇದ್ದರೆ ಹೂ ಬರ್ತದೆ. ಹೂ ಬಂದರೆ ಆಸೆ ಬರ್ತದೆ. ಪಶ್ಚಾತ್ತಾಪ ಅಂದ್ರೆ ಬಾಯಿಯ ಮಾತಲ್ಲ.”

ಅಮ್ಮ ನನ್ನ ಕಡೆ ನೋಡಿದರು. ಹೂವನ್ನು ಯಾರು ಕೊಟ್ಟದ್ದೆಂದು ಅವರಿಗೆ ಗೊತ್ತಿತ್ತು.

ಮಣಿಪಾಲದ ಗೆಳೆಯರಿಗೆ ಈ ಕತೆಯನ್ನು ನಾನು ಹೇಳುತ್ತಿದ್ದ ರೀತಿ ಬೇರೆ. ಅದರಲ್ಲಿ ನಾನು ಎದ್ದು ನಿಂತು, “ಕೊಟ್ಟವನು ನಾನು, ಏನು ಮಾಡುತ್ತೀರಿ?” ಎಂದು ಗುಡುಗುತ್ತೇನೆ, ಗುರ್ಕಾರ ತಡಬಡಿಸುತ್ತಾನೆ. ಎಷ್ಟು ಸಲ ಹೇಳಿದೆನೆಂದರೆ ಎಂಬತ್ತರ ದಶಕದ ನಡುವಿನ ಹೊತ್ತಿಗೆ ನಾನೇ ನಂಬಿಬಿಟ್ಟಿದ್ದೆ. ಒಮ್ಮೆ ಅಮ್ಮನೆದುರೂ ಹಾಗೇ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದರು. ಮುಖ ಎತ್ತದೆ, “ನೀನು ಚಾಪೆಯ ಎಳೆ ಕೀಳ್ತಾ ಕೂತಿದ್ದಿ. ಮಾರನೆ ದಿನ ಆ ಚಾಪೆಯ ಮೂಲೆ ಹೊಲಿದದ್ದು ನಾನು,” ಎಂದರು.

ಚಾಪೆಯ ವಿಷಯ ಬಂದಾಗ ಉಳಿದದ್ದೂ ಬಂತು. ಆಗ ನನ್ನ ತಲೆಯಲ್ಲಿ ಓಡುತ್ತಿದ್ದ ವಾದವೂ ನೆನಪಾಯಿತು: ಹೂ ಕೊಟ್ಟದ್ದು ಪಾಪವೇ ಅಲ್ಲ, ಪಾಪವಲ್ಲದ್ದನ್ನು ಎದ್ದು ಒಪ್ಪಿಕೊಂಡರೆ ಅದು ಪಾಪವೆಂದು ನಾನೂ ಒಪ್ಪಿದಂತಾಗುತ್ತದೆ, ಆದ್ದರಿಂದ ನನ್ನಂಥವನು ಸುಮ್ಮನಿರುವುದೇ ಸರಿ. ಎಂಥ ಸೊಗಸಾದ ತರ್ಕ! ವಿಶ್ವವಿದ್ಯಾನಿಲಯದಲ್ಲಿ ಕಲಿತದ್ದು ಹೇಡಿತನಕ್ಕೆ ಇಸ್ತ್ರಿ ಹಾಕುವುದನ್ನು.

ಮರುದಿನ ಕಾಪು ಪೇಟೆಯಲ್ಲಿ ಬಸ್ಸಿಗೆ ನಿಂತಾಗ, ಹೋಟೆಲಿನ ಜಗಲಿಯಿಂದ ಒಬ್ಬ ಕೇಳಿದ: “ಎಂತ ಮಾಸ್ಟ್ರೇ, ನಿಮ್ಮ ಅಕ್ಕ ಈಗ ಭೂತಕ್ಕೆ ಹೂ ಇಡುವುದಾ? ಗಂಡನನ್ನು ಕರೆಸ್ಲಿಕ್ಕಾ?” ಅವನು ಆ ಚಾಪೆಯ ಮೇಲೆ ಇರಲೇ ಇಲ್ಲ. ಹದಿನೈದು ಗಂಟೆಯಲ್ಲಿ ಸುದ್ದಿ ಪೇಟೆಗೆ ಬಂದು ಕಾಫಿ ಕುಡಿಯುತ್ತಿತ್ತು. ನಾನು ಬಸ್ಸು ಹತ್ತಿದೆ. ಕಡಿಯಾಳಿಯಲ್ಲಿ ನಾಲ್ಕು ಹೆಂಗಸರು ಹತ್ತಿದರು. ನಾಲ್ವರ ತಲೆಯಲ್ಲೂ ಮಲ್ಲಿಗೆ. ಅದೇ ಹೊತ್ತಿಗೆ ಮನೆಯಲ್ಲಿ ಅಕ್ಕ ಕತ್ತಿ ಹಿಡಿದು ಗಿಡಗಳನ್ನು ಬುಡದಲ್ಲಿ ಕಡಿಯುತ್ತಿದ್ದಳು. ಬೇಲಿಯಾಚೆಯಿಂದ ಪಕ್ಕದ ಮನೆಯ ಹೆಂಗಸು, “ಎಂತ ಆಯ್ತು ಬಾಯಮ್ಮ? ಹುಳ ಹಿಡಿಯಿತಾ?” ಎಂದು ಕೇಳಿದರಂತೆ. ಅಕ್ಕ “ಹೌದು” ಎಂದಳಂತೆ.

ಈಸ್ಟರ್ ಕಳೆದು ಎರಡನೆಯ ವಾರ ಕಾಗದ ಬಂತು. ಗಂಡ ಕೆಲಸ ಬದಲಿಸಿದ್ದ, ಕಾಯಿಲೆ ಬಿದ್ದಿದ್ದ, ಹೀಗೆ ಏನೇನೋ. ಗುರ್ಕಾರ ಓಡಿ ಬಂದು ಅಂಗಳದಲ್ಲೇ ಮೊಣಕಾಲೂರಿದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನಾನು ಅಕ್ಕನ ಕೈಯಿಂದ ಲಕೋಟೆ ಕಿತ್ತುಕೊಂಡೆ. ವಿಳಾಸದಲ್ಲಿ ಊರಿನ ಹೆಸರು ತಪ್ಪಿ ಅದು ಎಲ್ಲೆಲ್ಲೋ ಅಲೆದು ಬಂದಿತ್ತು. ಪರದೇಶದ ಅಂಚೆಮುದ್ರೆಯ ತಾರೀಕು ಅಕ್ಕ ಎದ್ದು ನಿಂತ ಆದಿತ್ಯವಾರಕ್ಕಿಂತ ಹತ್ತು ದಿನ ಹಿಂದಿನದು.

“ನೋಡಿ! ನೀವು ಕಣ್ಣು ಮುಚ್ಚುವ ಮೊದಲೇ ಇದು ಹೊರಟಿತ್ತು. ಗಿಡ ಕಡಿಸಿದ್ದು ಎಂತಕ್ಕೆ?” ಎಂದು ಕೂಗಿದೆ. ಈ ಕೂಗಿಗೆ ಸಾಕ್ಷಿಗಳಿದ್ದಾರೆ. ಬೇಲಿಯಾಚೆಯವರಿಗೂ ಕೇಳಿಸಿತ್ತು.

ಗುರ್ಕಾರ ಮುದ್ರೆಯನ್ನು ನೋಡಿದ. “ದೇವರಿಗೆ ಮುಂಚೆಯೇ ಗೊತ್ತಿರ್ತದೆ, ಬಾಬ್,” ಎಂದ.

ಅವನ ಕುತ್ತಿಗೆ ಹಿಡಿಯಬೇಕೆನಿಸಿತು. ಆದರೆ ಅಕ್ಕ ನನ್ನ ಕೈಯಿಂದ ಲಕೋಟೆ ತೆಗೆದುಕೊಂಡು ಅದನ್ನು ಸರಿಯಾಗಿ ಮಡಚಿದಳು. “ಆ ದಿನ ನಿನಗೆ ಬಾಯಿ ಇರಲಿಲ್ಲ,” ಎಂದಳು. “ಈಗ ಮುದ್ರೆ ತೋರಿಸ್ತೀಯಾ?”

ಒಳಗೆ ಹೋದಳು. ಗುರ್ಕಾರ ಮೊಣಕಾಲಿನ ಮಣ್ಣು ಕೊಡವಿಕೊಂಡು, ನನ್ನ ಮುಖ ನೋಡದೆ ಹೊರಟ.

ಅವಳು ಸುಳ್ಳು ಹೇಳಿದ್ದು ಯಾಕೆಂದು ಹಲವು ವರ್ಷಗಳ ನಂತರ ಕೇಳಿದೆ. ಆಗ ಅವಳು ಬಜಗೋಳಿಯ ತನ್ನ ಮನೆಯಲ್ಲಿದ್ದಳು. “ಹೋಗು ಅಂತ ಕಳಿಸಿದ್ದು ನಾನಲ್ವಾ?” ಎಂದಳು. ಆಮೇಲೆ, “ನೀನು ಏಳ್ತಿ ಅಂತ ಕಾದೆ ಮಾರಾಯ. ‘ನಾನೇ’ ಅಂದ ಮೇಲೂ ಕಾದೆ. ಗಿಡಕ್ಕೆ ಕತ್ತಿ ಇಡುವಾಗ್ಲೂ, ನೀನು ಬಸ್ಸು ಬಿಟ್ಟು ಹಿಂದೆ ಬರಬಹುದು ಅಂತ ಮನಸ್ಸಲ್ಲಿ ಇತ್ತು,” ಎಂದಳು.

ನಾನು ಬರಲಿಲ್ಲ. ಆ ಸೋಮವಾರ ಮೊದಲ ಪೀರಿಯಡ್‌ನಲ್ಲಿ ಯಾವ ಪಾಠ ಮಾಡಿದೆನೆಂದು ಎಷ್ಟು ಹುಡುಕಿದರೂ ನೆನಪಾಗುವುದಿಲ್ಲ. ಮಾಡಿದ್ದಂತೂ ನಿಜ. ಹಾಜರಿ ಕರೆದಿರಬೇಕು; ಹುಡುಗರು ಒಬ್ಬೊಬ್ಬರಾಗಿ ಎದ್ದು ನಿಂತು, ಇದ್ದೇನೆ ಎಂದು ಹೇಳಿರಬೇಕು.