ನಮ್ಮ ನಾಗಬನಕ್ಕೆ ಬಂದ ಭಾಷಣಕಾರರು

ಓದುವ ಮಹನೀಯರಲ್ಲಿ ಈ ಮೂಲಕ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಚೇರಿಯ ಪತ್ರಗಳನ್ನು ಬಿಟ್ಟರೆ ಬೇರೇನನ್ನೂ ನಾನು ಬರೆದವನಲ್ಲ. ಕಾಗುಣಿತ ತಪ್ಪಿದ್ದಲ್ಲಿ, ಅಕ್ಷರ ವಕ್ರವಾಗಿದ್ದಲ್ಲಿ ದಯವಿಟ್ಟು ಮನ್ನಿಸಬೇಕು.

ಅರವತ್ತರ ದಶಕದ ಆರಂಭದಲ್ಲಿ ನಾನು ಬಂಟ್ವಾಳದಲ್ಲಿ ಗುಮಾಸ್ತನಾಗಿದ್ದೆ. ಕಾಡಿನ ಕುರಿತು ಪತ್ರಿಕೆಗಳಿಗೆ ಬರೆಯುತ್ತಿದ್ದ ನಿವೃತ್ತ ಅಧ್ಯಾಪಕರೊಬ್ಬರ ಲೇಖನಗಳನ್ನು ಬಿಡದೆ ಓದುತ್ತಿದ್ದೆ. ಮೂಡುಬಿದಿರೆಯ ಶಾಲೆಯೊಂದರಲ್ಲಿ ಅವರ ಭಾಷಣವಿದೆಯೆಂದು ತಿಳಿದು ರಜೆ ಹಾಕಿ ಹೋದೆ. ಅವರು ಸ್ವರ ಏರಿಸಲಿಲ್ಲ. ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ, ಕಾಡಿನ ಕೊಳೆತ ತರಗೆಲೆಯನ್ನು ಮುಷ್ಟಿಯಲ್ಲಿ ಹಿಂಡಿದರು. ಕಡುಬೇಸಗೆಯಲ್ಲೂ ಮೇಜಿನ ಮೇಲೆ ನೀರು ತೊಟ್ಟಿಕ್ಕಿತು. ಅಂಥ ಭಾಷಣವನ್ನು ನಾನು ಮತ್ತೆ ಕೇಳಿಲ್ಲ.

ಅವರಿಂದ ನನಗೊಂದು ಉಪಕಾರ ಆಗಬೇಕಿತ್ತು. ಬೆಳ್ತಂಗಡಿ ಸಮೀಪದ ನಮ್ಮ ಮನೆಯ ನಾಗಬನವನ್ನು ಕಡಿಸುವುದೆಂದು ಯಜಮಾನರಾದ ನನ್ನ ಸೋದರಮಾವ ನಿಶ್ಚಯಿಸಿದ್ದರು. ನಾಗನಿಗೆಂದೇ ಬಿಟ್ಟ, ಒಲೆಗೆಂದು ಒಣಕಡ್ಡಿಯನ್ನೂ ಯಾರೂ ಹೆಕ್ಕದ ಬನ ಅದು. ಕಡಿಸಲು ಕಾರಣ ದುರಾಸೆಯಲ್ಲ, ಭಕ್ತಿ. ಅಕ್ಕನ ಮಗಳ ಮೈಮೇಲೆ ಎದ್ದ ಹುಣ್ಣು ಯಾವ ಔಷಧಕ್ಕೂ ಮಾಯುತ್ತಿರಲಿಲ್ಲ. ಸದರಿ ಹುಣ್ಣು ನಾಗನ ಕೋಪವೆಂದು ಜೋಯಿಸರು ಹೇಳಿದ್ದರು. ನಾಗನ ಕಲ್ಲುಗಳು ಬೇರುಗಳ ನಡುವೆ ದಿಕ್ಕಿಲ್ಲದಂತೆ ಬಿದ್ದಿವೆ, ಮರ ತೆಗೆದು ಸಿಮೆಂಟಿನ ಕಟ್ಟೆಯಲ್ಲಿ ಕೂರಿಸಿದರೆ ಮಾತ್ರ ಗೌರವ ಎಂಬುದು ಮಾವನವರ ಅಭಿಪ್ರಾಯವಾಗಿತ್ತು.

ನನ್ನ ವಿನಂತಿಯಂತೆ, ಮಾವನವರ ಮನವೊಲಿಸಲು ಭಾಷಣಕಾರರು ಬಂದರು. ಮಾವ ಅವರಿಗೆ ಬೆಲ್ಲ ನೀರು ಕೊಡಿಸಿ, ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದರು. ಬನದ ಎದುರು ನಿಂತಾಗ ಮಾತ್ರ ಬಾಯಿ ತೆರೆದರು.

"ಮಾಸ್ಟ್ರೇ, ನೀವು ಹೇಳುವುದು ಸರಿ ಉಂಟು. ಆದರೆ ನಾವು ಹೆಂಚಿನ ಅಡಿಯಲ್ಲಿ ಮಲಗುವುದು, ನಾಗ ಮಳೆಯಲ್ಲಿ ನೆನೆಯುವುದು, ಅದು ಹೇಗೆ ಆಗ್ತದೆ?"

"ನೆನೆಯಲಿಕ್ಕೇ ಅವ ಅಲ್ಲಿ ಕೂತದ್ದು ಯಜಮಾನ್ರೇ. ನಿಮ್ಮ ಸಿಮೆಂಟು ಬಿಸಿಲಿಗೆ ದೋಸೆ ಕಾವಲಿ ಆಗ್ತದೆ."

ಮಾವ ನಕ್ಕರು. ಆಮೇಲೆ ಮೆಲ್ಲನೆ ಕೇಳಿದರು, "ಮಗುವಿಗೆ ಹೆಚ್ಚುಕಮ್ಮಿ ಆದರೆ ನೀವು ಬರ್ತೀರಾ?"

ಅಧ್ಯಾಪಕರು ಬನವನ್ನು ಇನ್ನೊಮ್ಮೆ ನೋಡಿ, ಬಸ್ಸಿನ ಹೊತ್ತು ಕೇಳಿದರು. ನಾನು ಅವರನ್ನು ಬಸ್ಸಿಗೆ ಹತ್ತಿಸಿ ಬಂದೆ.

ಮುಂದಿನ ವಾರ ಕೊಡಲಿಯವರು ಬಂದರು. ರೆಂಜೆ, ಕಾಟುಮಾವಿನ ಮರಗಳು, ಕೈತೋಳಿನ ದಪ್ಪದ ಬಳ್ಳಿಗಳು ನೆಲಕ್ಕುರುಳಿದವು. ಸಂಜೆ ಹಕ್ಕಿಗಳು ಬನವಿದ್ದ ಜಾಗದ ಮೇಲೆ ಸುತ್ತಿ ಸುತ್ತಿ, ಇಳಿಯಲು ಜಾಗ ಕಾಣದೆ ನಮ್ಮ ಮನೆಯ ಹೆಂಚಿನ ಮಾಡಿನ ಮೇಲೆ ಸಾಲಾಗಿ ಕುಳಿತವು. ಕೂಗಲಿಲ್ಲ. ಅಮ್ಮ ಬೇಗನೆ ಬಾಗಿಲು ಹಾಕಿಸಿದರು.

ಕಟ್ಟೆಯಾಯಿತು, ಪ್ರತಿಷ್ಠೆಯಾಯಿತು. ಮಳೆಗಾಲದಲ್ಲಿ ಮಗುವಿನ ಹುಣ್ಣು ಒಣಗಿತು. ಮಾವನವರ ಮುಖದಲ್ಲಿ ನೆಮ್ಮದಿ ಕಂಡಾಗ, ಅಧ್ಯಾಪಕರ ಮೇಲಿನ ನನ್ನ ಗೌರವವನ್ನು ಯಾರೆದುರೂ ಆಡಿ ತೋರಿಸಲಾಗದೆ ಹೋಯಿತು.

ಬೇಸಗೆ ಬಂತು. ಅಕ್ಕ ಮಗುವಿಗೆ ಎಣ್ಣೆ ಹಚ್ಚಿ ಬಚ್ಚಲಿಗೆ ಕರೆದೊಯ್ದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ತಣ್ಣೀರಿನ ತೊಟ್ಟಿಯ ಪಕ್ಕದ ತಂಪಿನಲ್ಲಿ ನಾಗರಹಾವು ಸುತ್ತಿಕೊಂಡಿತ್ತು. ಮಾವ ಓಡಿ ಬಂದು, ಹಿರಿಯರು ಹೇಳಿಕೊಡುವಂತೆ ಕೈಮುಗಿದು, "ನಿನ್ನ ಜಾಗಕ್ಕೆ ಹೋಗು ಸ್ವಾಮೀ" ಎಂದು ಬೇಡಿಕೊಂಡರು. ಎರಡನೆಯ ಸಲ ಹೇಳಹೊರಟವರು, ಬಿಸಿಲಿಗೆ ಕಾದ ಸಿಮೆಂಟಿನ ಕಟ್ಟೆಯತ್ತ ಕಣ್ಣು ಹೋಗಿ, "ನಿನ್ನ ಜಾಗಕ್ಕೆ" ಎಂಬಲ್ಲಿಗೇ ನಿಲ್ಲಿಸಿದರು. ಹಾವು ಕದಲಲಿಲ್ಲ.

ಮೇಲ್ಕಂಡ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ತಾವೇ ತಿದ್ದಿ ಓದಿಕೊಳ್ಳಬೇಕಾಗಿ ಪ್ರಾರ್ಥನೆ.