ಅದು ಬಂತೇನ?

ಮೊನ್ನೆ ಸಂಜೆ ಕಮಲಾಪುರದಿಂದ ಕಲಬುರಗಿಗೆ ವಾಪಸಾಗುವ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಕಂಡಕ್ಟರ್ ಜನರನ್ನು ಸರಿಸಿಕೊಂಡು ಬರುವಾಗ ಅವನ ಚರ್ಮದ ಚೀಲ ನನ್ನ ಮೂಗಿನ ಹತ್ತಿರವೇ ಹಾದುಹೋಯಿತು. ಬೆವರು, ಹಳೆಯ ಚರ್ಮ, ಚಿಲ್ಲರೆ ನಾಣ್ಯ ಎಲ್ಲ ಕೂಡಿದ ವಾಸನೆ. ಅಯ್ಯೋ, ಕಲಬುರಗಿಯ ಶಹಾಬಜಾರದ ನಮ್ಮ ಮನೆಯ ಪಡಸಾಲೆಯಲ್ಲಿ ಗೂಟಕ್ಕೆ ನೇತುಹಾಕಿದ್ದ ಮುತ್ಯಾನ ಚೀಲದ ವಾಸನೆಯೇ ಅದು! ಅಜ್ಜನನ್ನು ನಾವು ಮುತ್ಯಾ ಎಂದೇ ಕರೆಯುವವರು. ಇದೇ ರಸ್ತೆಯಲ್ಲಿ ಅವನು ಬಹಳ ವರ್ಷ ಕಂಡಕ್ಟರಾಗಿದ್ದ. ಮಹಾಗಾಂವದಲ್ಲಿ ಹತ್ತುವವರ ಹೆಸರೆಲ್ಲ ಅವನ ನಾಲಿಗೆಯ ಮೇಲೇ ಇದ್ದವಂತೆ. ಅದನ್ನು ನಾನು ಕೇಳಿದವಳಲ್ಲ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವನಿಗೆ ಲಕ್ವಾ ಹೊಡೆದು ಬಲಗೈಯೂ ಮಾತೂ ಹೋಗಿದ್ದವು.

ಮಾತೆಲ್ಲ ಹೋಗಿರಲಿಲ್ಲ ಅನ್ನಿ. ತಾ, ಹೋಗು, ಬಂತು ಇಂಥವು ಉಳಿದಿದ್ದವು. ಹೆಸರುಗಳು ಮಾತ್ರ ಒಂದೂ ಉಳಿದಿರಲಿಲ್ಲ. ನೀರೂ 'ಅದು', ಚಾದರವೂ 'ಅದು', ಎದುರಿಗೆ ನಿಂತ ಹೆಂಡತಿಯೂ 'ಅದು'. ನಮಗೆ ತಿಳಿಯದೆ ಹೋದರೆ ಎಡಗೈಯಿಂದ ಹಣೆ ಬಡಿದುಕೊಂಡು ಅಳುತ್ತಿದ್ದ. ನಾನು ಹೆದರಿ ಅಡುಗೆಮನೆಗೆ ಓಡುತ್ತಿದ್ದೆ. ಆಗ ಆಯಿ, ಅಂದರೆ ನನ್ನ ಅಜ್ಜಿ, ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಎದ್ದು ಬರುತ್ತಿದ್ದಳು.

"ಬಾಯಿ ನೋಡಿದ್ರ ಏನ್ ತಿಳೀತದ ಬೇ? ಸುತ್ತ ನೋಡು. ಈಗ ಉಂಡಾರ. ಕೈ ಹಸಿ ಅದ. ಕಣ್ಣು ಗೂಟದ ಕಡಿ ಅವ. ಏನ್ ಬೇಕಾಗ್ಯಾದ, ಹೇಳು?"

"ಟವೆಲ್!" ಎಂದು ಓಡಿ ತಂದುಕೊಟ್ಟರೆ ಮುತ್ಯಾನ ಮುಖ ಅರಳುತ್ತಿತ್ತು. ಅಷ್ಟಕ್ಕೇ ನನಗೆ ಆಕಾಶ ಮೂರೇ ಗೇಣು.

ಈಗ ನಾನು ಕಮಲಾಪುರದ ಶಾಲೆಯಲ್ಲಿ ನಾಲ್ಕನೆಯ ತರಗತಿಯ ಮಕ್ಕಳಿಗೆ ಅದನ್ನೇ ಕಲಿಸುತ್ತೇನೆ. ಗೊತ್ತಿಲ್ಲದ ಒಂದು ಶಬ್ದ ಬಂದರೆ ಸಾಕು, ಮಕ್ಕಳು ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತವೆ. ಮೊನ್ನೆ ಬೆಳಗ್ಗೆಯೂ ಬೋರ್ಡಿನ ಮೇಲೆ 'ಗಾಳಿ ಬೀಸಿತು, ಹಾಯಿ ಉಬ್ಬಿತು, ದೋಣಿ ಮುಂದೆ ಸಾಗಿತು' ಎಂದು ಬರೆದಿದ್ದೆ.

"ಟೀಚರ್, ಹಾಯಿ ಅಂದ್ರ ಏನ್ರೀ?"

"ಅದನ್ನ ಬಿಡು. ಸುತ್ತ ನೋಡು. ಗಾಳಿ ಬಂದ್ರ ಉಬ್ಬೂದು ಏನದ?"

"ಫುಗ್ಗಾ ರೀ!"

"ದೋಣಿಗಿ ಫುಗ್ಗಾ ಕಟ್ತಾರೇನೋ, ಶಾಣ್ಯಾ?"

ತರಗತಿಯೆಲ್ಲ ನಕ್ಕಿತು. ಕಿಟಕಿಯ ಹತ್ತಿರದ ಹುಡುಗಿಯೊಬ್ಬಳು ಮೆಲ್ಲಗೆ, "ದೊಡ್ಡ ಅರಿವಿ ಕಟ್ಟಿರ್ತಾರೇನ್ರೀ?" ಎಂದಳು. ಮೊದಲಾದರೆ ಕುಣಿದಾಡುತ್ತಿದ್ದೆ. ಆವತ್ತು "ಹೌದವ್ವ" ಎಂದು ಕುರ್ಚಿಯಲ್ಲಿ ಕುಸಿದು ಕೂತೆ. ದಿನಾ ಅದೇ ಬಸ್ಸು, ಅದೇ ಧೂಳು. ಈಚೆಗೆ ಸಂತೋಷಪಡುವುದಕ್ಕೂ ಸುಸ್ತಾಗುತ್ತದೆ.

ಮುತ್ಯಾನ ಮೇಲೆ ನನಗೊಂದು ಸಿಟ್ಟಿತ್ತು. ತೊಟ್ಟಿಲಲ್ಲಿದ್ದಾಗ ನನಗೆ ರತ್ನಾ ಎಂದು ಹೆಸರು ಇಟ್ಟವನೇ ಅವನು. ಅವನ ಬಾಯಿಂದ ಒಂದು ಸಲ ಅದನ್ನು ಕೇಳಬೇಕೆಂದು ಜೀವ ಒದ್ದಾಡುತ್ತಿತ್ತು. ಎದುರಿಗೆ ಕೂತು, "ರತ್ನಾ ಅನ್ನು ಮುತ್ಯಾ, ಒಂದೇ ಸಲ" ಎಂದು ಗೋಗರೆಯುತ್ತಿದ್ದೆ. ಅವನ ತುಟಿ ನಡುಗುತ್ತಿತ್ತು, ಹಣೆಯ ಮೇಲೆ ಬೆವರು ಮೂಡುತ್ತಿತ್ತು. ಕೊನೆಗೆ ಬರುತ್ತಿದ್ದುದು ಅದೇ 'ಅದು'. ಒಂದು ದಿನ ನಾನು ಆಯಿಯ ಸೆರಗು ಹಿಡಿದು ಅತ್ತೆ. "ಮುತ್ಯಾಗ ನಾ ಯಾರಂತನೇ ಗೊತ್ತಿಲ್ಲ!"

ಆಯಿ ಒಲೆಯ ಮುಂದಿನಿಂದ ತಿರುಗಿ ನೋಡಿದಳು.

"ಹುಚ್ಚಿ! ಸಾಲಿ ಬಿಡೂ ಹೊತ್ತಾತಂದ್ರ ಬಾಗಿಲ ಕಡಿ ಮುಖ ಮಾಡಿ ಕುಂದರ್ತಾರ. ಅದು ಬಂತೇನ, ಅದು ಬಂತೇನ ಅಂತ ನನ್ನ ಜೀವಾ ತಿಂತಾರ. ನೀ ಒಳಗ ಬಂದ ಮ್ಯಾಲ ಒಮ್ಮೆರ ಕೇಳ್ಯಾರೇನು? ಈಗ ಹೇಳು, ಅದು ಅಂದ್ರ ಯಾರು?"

ಮರುದಿನ ಶಾಲೆ ಬಿಟ್ಟ ಮೇಲೆ ಓಣಿಯ ಗೋಡೆಗೆ ಒರಗಿ ನಿಂತೆ. ಒಳಗಿನಿಂದ ಮುತ್ಯಾನ ತೊದಲು ದನಿ ಕೇಳಿಸಿತು. "ಅದು ಬಂತೇನ?" ಆಯಿ ಇನ್ನೂ ಇಲ್ಲ ಅಂದಳು. ಮತ್ತೆ ಕೇಳಿದ. ನಾನು ಹೊಸ್ತಿಲು ದಾಟಿದೆ. ಮುತ್ಯಾ ನನ್ನನ್ನು ನೋಡಿ ಸುಮ್ಮನಾಗಿ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ. ಮತ್ತೆಂದೂ ನಾನು ಅವನಿಗೆ ಹೆಸರು ಹೇಳೆಂದು ಕಾಡಲಿಲ್ಲ.

ಮುತ್ಯಾ ಹೋದ. ಅವನ ಹಿಂದೆಯೇ ಆಯಿಯೂ ಹೋದಳು. ಆ ಮನೆ ಕೆಡವಿದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಮೊನ್ನೆ ಬಸ್ಸಿಳಿದವಳು ಯಾಕೋ ಅದರ ಮುಂದೆ ಹಾದು ಬಂದೆ. ಅಂಗಡಿಯ ಹುಡುಗ, "ಏನ್ ಬೇಕ್ರೀ ಮೇಡಂ?" ಎಂದ. ಏನಿಲ್ಲಪ್ಪ ಎಂದು ನಡೆದೆ. ಬಾಡಿಗೆ ಮನೆಯ ಮೆಟ್ಟಿಲು ಹತ್ತಿ ಬೀಗ ತೆಗೆದೆ. ಈಗ ನನ್ನ ಹೆಸರನ್ನು ಎಲ್ಲರೂ ಸರಿಯಾಗಿಯೇ ಕರೆಯುತ್ತಾರೆ, ರತ್ನಾ ಟೀಚರ್, ರತ್ನಾ ಮೇಡಂ ಎಂದು. ಹೊತ್ತು ಮುಳುಗಿದರೂ 'ಅದು ಬಂತೇನ' ಎಂದು ಕೇಳುವವರು ಮಾತ್ರ ಒಬ್ಬರೂ ಇಲ್ಲ.