ಅಳಿಯನ ಬಾಣಂತನ

ನಿನ್ನೆ ಬೆಳಿಗ್ಗೆ ಯರಗುಪ್ಪಿಯ ಅತ್ತೆ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ. ಬಾಜು ಮನೆಯಿಂದ ಅಜವಾನದ ಹೊಗೆ ತೇಲಿ ಬಂತು. ಆ ಮನೆಯ ಹುಸೇನ್ ಕಾಕಾನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು, ಅಳಿಯನೂ ಬಂದಿದ್ದ; ಹುಟ್ಟಿದ ಕೂಸು ತೀರ ಸಣ್ಣದು ಎಂದು ಅತ್ತೆ ಹೇಳಿದ್ದರು. ಬಾಣಂತಿ ಕೋಣೆಯ ಈ ವಾಸನೆಗೆ ನಿಮಗೆ ಬಾಣಂತಿಗೆ ಕೊಡುವ ಸಿಹಿ ಅಂಟಿನುಂಡಿ ನೆನಪಾಗಬಹುದು. ನಾನು ಮಾತ್ರ ಹೆದರಿದೆ. ಅಂಗಳದಲ್ಲಿ ಆಡುತ್ತಿದ್ದ ಮಗಳನ್ನು ಕರೆದು ಅವಳ ಬೆನ್ನ ಮೇಲೆ ಅಂಗೈ ಇಟ್ಟೆ.

"ಯಾಕ ಪಪ್ಪಾ?" ಅಂದಳು.

"ಏನಿಲ್ಲ, ಆಡು ಹೋಗು" ಅಂದೆ. ಉಸಿರಾಡುತ್ತಿದ್ದಳು.

ನನ್ನ ಕೆಲಸ ಏನೆಂದು ಹೇಳದಿದ್ದರೆ ಈ ಹೆದರಿಕೆ ನಿಮಗೆ ತಿಳಿಯುವುದಿಲ್ಲ. ಲೋಕದ ಎಲ್ಲೆಲ್ಲಿಯೋ ಆಸ್ಪತ್ರೆಗಳಲ್ಲಿ ನಡೆದ ಸಂಶೋಧನೆಗಳನ್ನೆಲ್ಲ ಬಲ್ಲವರು ಕೂಡಿಸಿ, ಜರಡಿ ಹಿಡಿದು, ಯಾವುದು ನಿಜಕ್ಕೂ ಉಪಯೋಗ ಎಂದು ತೀರ್ಮಾನಿಸುತ್ತಾರೆ. ಅದನ್ನು ಹಳ್ಳಿಯ ಆಸ್ಪತ್ರೆಯ ಗೋಡೆಗೆ ಅಂಟಿಸುವಂಥ ಕನ್ನಡಕ್ಕೆ ಇಳಿಸುವವನು ನಾನು. ಧಾರವಾಡದ ಕಚೇರಿಯಲ್ಲಿ, ಫ್ಯಾನಿನ ಕೆಳಗೆ ಚುರುಮುರಿ ತಿನ್ನುತ್ತ ಒಮ್ಮೆ ಬರೆದಿದ್ದೆ: ತೂಕ ಕಡಿಮೆಯಿರುವ ಕೂಸನ್ನು ಮೈಗೆ ಮೈ ತಾಗುವಂತೆ ಎದೆಗೆ ಕಟ್ಟಿಕೊಳ್ಳಿ, ತಾಯಿಗೆ ಆಗದಿದ್ದಾಗ ತಂದೆಯೂ ಕಟ್ಟಿಕೊಳ್ಳಬಹುದು, ಕೋಣೆಯಲ್ಲಿ ಹೊಗೆ ಬೇಡ. 'ತಂದೆಯೂ' ಎಂಬಲ್ಲಿ ಕೊಂಚ ನಕ್ಕಿದ್ದೆ ಕೂಡ.

ಆಮೇಲೆ ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಎತ್ತಿಕೊಂಡರೆ ಕೂಸಿಗಿಂತ ಸುತ್ತಿದ ಬಟ್ಟೆಯದೇ ಭಾರ ಹೆಚ್ಚು ಅನಿಸುತ್ತಿತ್ತು. ಆಸ್ಪತ್ರೆಯವರು ಕೆಲ ವಾರ ಇಟ್ಟುಕೊಂಡು, ಚೆನ್ನಾಗಿ ಹಾಲು ಕುಡಿಯತೊಡಗಿದ ಮೇಲೆ ಮನೆಗೆ ಕಳಿಸಿದರು. ಕಳಿಸುವಾಗ ಡಾಕ್ಟರು ಹೇಳಿದ್ದು ನಾನೇ ಬರೆದ ಮಾತು. ಹೆಂಡತಿಗೆ ಹೊಲಿಗೆಯ ನೋವು; ಅರ್ಧ ದಿನದ ಪಾಳಿ ನನ್ನದಾಯಿತು, ಅದೂ ಅವಳ ತವರಿನಲ್ಲಿ.

ಅತ್ತೆ ಆಗಲೇ ಕೂಸಿಗೆ ಅಜವಾನದ ಹೊಗೆ ಹಾಕಲು ಅಗ್ಗಿಷ್ಟಿಕೆಗೆ ಸಗಣಿ ಕುಳ್ಳು ಒಟ್ಟಿ ಸಜ್ಜಾಗಿದ್ದರು.

"ಅಳ್ಯಾಗೋಳ, ಗಂಡಸರ ಎದಿ ಮ್ಯಾಲೆ ಕೂಸು ಎಲ್ಲ್ಯರ ಬದಕತೈತೇನ್ರಿ?"

"ಡಾಕ್ಟರ್ ಹೇಳ್ಯಾರ್ರಿ ಅತ್ತಿ. ಹೊಗಿನೂ ಬ್ಯಾಡ ಅಂದಾರ."

"ಇಕಿನ್ನ ನೋಡ್ರಿ," ಎಂದು ನನ್ನ ಹೆಂಡತಿಯತ್ತ ಕೈ ಮಾಡಿದರು. "ಇಕೀನೂ ಹಿಂಗ ಇದ್ಲು. ಇದ ಖೋಲ್ಯಾಗ, ಹೊಗಿ ಹಾಕಿ ಹಾಕಿ ಉಳಿಸೇನಿ. ಎದ್ರಿಗೆ ಕುಂತಾಳಲ್ಲ, ಇನ್ನೇನ್ ಬೇಕು ನಿಮಗ?"

ಲೋಕದ ಸಂಶೋಧನೆಯೆಲ್ಲ ಒಂದು ಕಡೆ, ಗಂಜಿ ಕುಡಿಯುತ್ತ ಕೂತ ಹೆಂಡತಿ ಒಂದು ಕಡೆ. ನನ್ನ ಬರಹಕ್ಕೆ ಆಧಾರವಾದ ಕಾಗದದಲ್ಲಿ, ಹೀಗೆ ಮಾಡಿದರೆ ಹೆಚ್ಚು ಕೂಸುಗಳು ಉಳಿಯುತ್ತವೆ ಎಂದಿತ್ತು. ಈ ಕೂಸು ಉಳಿಯುತ್ತದೆ ಎಂದಿರಲಿಲ್ಲ.

ಅಂಗಿ ಬಿಚ್ಚಿ, ಕೂಸನ್ನು ಎದೆಗೆ ಒರಗಿಸಿ, ಮೇಲೆ ಹೆಂಡತಿಯ ಹಳೆಯ ಸೀರೆ ಸುತ್ತಿಸಿಕೊಂಡು ಗೋಡೆಗೆ ಆತು ಕೂತೆ. ಹುಸೇನ್ ಕಾಕಾ ಬಾಗಿಲಲ್ಲಿ ಇಣುಕಿ, "ಏನ್ರಿ, ಅಳ್ಯಾಗೋಳ ಬಾಣಂತನ ಅಗದಿ ಜೋರ್ ನಡದೈತಲ್ಲ! ಅಂಟಿನುಂಡಿ ಕೊಟ್ಟಾರಿಲ್ಲೋ?" ಎಂದು ನಗಾಡಿ ಹೋದರು. ನಾನು ನಗಲಿಲ್ಲ, ನಕ್ಕರೆ ಎದೆ ಅಲುಗೀತು ಎಂಬ ಭಯ. ಇಂಥ ಕೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ, ನಡುವೆ ತುಸು ನಿಂತಂತಾಗಿ ಮತ್ತೆ ಸಾಗುತ್ತದೆ. ಇದನ್ನೂ ನಾನೇ ಬರೆದಿದ್ದೆ. ಆದರೆ ಅದು ನನ್ನ ಎದೆಯ ಮೇಲೆ ನಿಂತಾಗಲೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಮೋಡ ಮುಸುಕಿ ಥಂಡಿ ಗಾಳಿ ಬಿಟ್ಟಿತು. ಕೂಸಿನ ಅಂಗಾಲು ತಣ್ಣಗಾದವು. ಅತ್ತೆ ಕೆಂಡ ತುಂಬಿದ ಅಗ್ಗಿಷ್ಟಿಕೆ ಹಿಡಿದು ಹೊಸ್ತಿಲಲ್ಲಿ ನಿಂತರು. ಸುಳ್ಳೇಕೆ ಹೇಳಲಿ, 'ಒಳಗೆ ತನ್ನಿ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಗ ಹೆಂಡತಿ ಮಲಗಿದಲ್ಲಿಂದಲೇ ಕೇಳಿದಳು:

"ಅವ್ವಾ, ನನಗಿಂತ ಮೊದಲ ಎರಡು ಹುಟ್ಟಿ ಹೋದ್ವಲ್ಲ. ಅವಕ್ಕೂ ಹೊಗಿ ಹಾಕಿದ್ದಿಯೇನು?"

ಅತ್ತೆ ಅಗ್ಗಿಷ್ಟಿಕೆಯನ್ನು ಹೊಸ್ತಿಲ ಹೊರಗೆ ಕೆಳಗಿಟ್ಟರು.

"ಹೂಂ ಯವ್ವಾ, ಹಾಕಿದ್ದೆ," ಅಂದರು.

ಆ ಕೂಸುಗಳು ಹೊಗೆಯಿಂದಲೇ ಹೋದವೋ ಏನೋ, ಯಾರಿಗೆ ಗೊತ್ತು. ಆದರೆ ಅಷ್ಟು ವರ್ಷ ಆ ಮನೆಯಲ್ಲಿ ಯಾರೂ ಅವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೋದವರನ್ನೂ ಲೆಕ್ಕಕ್ಕೆ ಹಿಡಿಯುವುದೇ ಆ ಸಂಶೋಧಕರ ಕೆಲಸ ಎಂದು ನನಗೆ ಹೊಳೆದದ್ದು ಅವತ್ತು. ಅತ್ತೆ ಅಗ್ಗಿಷ್ಟಿಕೆಯನ್ನು ಹಿತ್ತಲಲ್ಲಿಟ್ಟು ಬಂದು ಕೂಸಿಗೆ ಕುಂಚಿಗೆ ಕಟ್ಟಿದರು, ನಮ್ಮಿಬ್ಬರ ಮೇಲೂ ಕೌದಿ ಹೊದಿಸಿದರು.

"ನನಗ ಅಂಜಿಕಿ ಆಗತೈತ್ರಿ."

"ನನಗೂ ಆಗತೈತ್ರಿ ಅತ್ತಿ. ಬೆಚ್ಚಗ ಆಗಲಿಲ್ಲಂದ್ರ ತಡಾ ಮಾಡೂದು ಬ್ಯಾಡ, ಹುಬ್ಬಳ್ಳಿ ದವಾಖಾನಿಗೆ ಹೋಗೂಣು."

ಅವರು ಕೂಸಿನ ಅಂಗಾಲನ್ನು ಹಿಡಿದೇ ಕೂತರು. ಸ್ವಲ್ಪ ಹೊತ್ತಿಗೆ, "ಬಿಸಿ ಹತ್ತೇತ್ರಿ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ನಿನ್ನೆ ಬಾಜು ಮನೆಯ ಹೊಗೆ ಬಂದಾಗ ಅತ್ತೆಯೇ ಮೊದಲು ಎದ್ದು ಹೋದರು. ಅಲ್ಲಿ ಹೋಗಿ ಏನು ಹೇಳುವುದೆಂದು ನಾನಿನ್ನೂ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಗೋಡೆಯಾಚೆ ಅತ್ತೆಯ ದನಿ ಕೇಳಿತು.

"ಮೂರು ಕೂಸಿಗೆ ಹೊಗಿ ಹಾಕೇನವಾ ನಾನು. ಒಂದು ಉಳೀತು. ಅದನ್ನಷ್ಟ ಊರಿಗೆಲ್ಲಾ ತೋರಿಸ್ಕೋತ ಬಂದೆ. ಆ ಅಗ್ಗಿಷ್ಟಿಕಿ ಹೊರಗ ಇಡು."

ಹೊಗೆ ನಿಂತಿತು. ಅತ್ತೆ ತಿರುಗಿ ಬಂದು ಕಟ್ಟೆಯ ಮೇಲೆ ನನ್ನ ಬಾಜು ಕೂತರು.

"ಆ ಕೂಸು ಉಳೀತೈತಲ್ರಿ?"

ಒಳಗೆ ಹೋಗಿ ಟ್ರಂಕಿನಿಂದ ಆ ಹಳೆಯ ಸೀರೆ ತೆಗೆದುಕೊಂಡೆ. ಕಾಕಾನ ಅಳಿಯನಿಗೆ ಅದನ್ನು ಕಟ್ಟಿಕೊಳ್ಳುವುದು ಹೇಗೆಂದು ಯಾರಾದರೂ ತೋರಿಸಬೇಕಲ್ಲ.